ಗ್ರೆವಿಲ್ ಓದು: ಸೀಲಿಕಾ ಮುಗಿಯಿತು, ಮುಸ್ತಫಾ ಶುರು

ಇಂಗ್ಲಿಷ್ ಕವಿ ಫಲ್ಕ್ ಗ್ರೆವಿಲ್‌ನ ಕವನ ಸಂಕಲನ ‘ಸೀಲಿಕಾ’ ಕೊನೆಗೂ ಓದಿ ಮುಗಿಸಿದೆ. ಒಟ್ಟು 109 ಕವಿತೆಗಳು. ಪ್ರತಿಯೊಂದನ್ನೂ ಮೊದಲು ಜೋರಾಗಿ ಓದುವುದು, ಆಮೇಲೆ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡುವುದು. ನಾನು ಇಟ್ಟುಕೊಂಡ ಕ್ರಮ ಇಷ್ಟೇ. ಈಗ ಅವನ ‘ಮುಸ್ತಫಾ’ ನಾಟಕಕ್ಕೆ ಕೈ ಹಾಕಿದ್ದೇನೆ.

ಗ್ರೆವಿಲ್ ಹುಟ್ಟಿದ್ದು 1554ರಲ್ಲಿ. ಕವಿ ಫಿಲಿಪ್ ಸಿಡ್ನಿಯ ಬಾಲ್ಯದ ಗೆಳೆಯ. ಇಬ್ಬರೂ ಶ್ರೂಸ್‌ಬರಿ ಶಾಲೆಗೆ ಒಂದೇ ದಿನ ಸೇರಿದವರು. ಎಲಿಜಬೆತ್ ರಾಣಿಯ ಆಸ್ಥಾನದಲ್ಲಿದ್ದ, ಜೇಮ್ಸ್ ದೊರೆಯ ಕಾಲದಲ್ಲಿ ಖಜಾನೆಯ ಮಂತ್ರಿಯಾದ. ಅಧಿಕಾರ ಹೇಗೆ ನಡೆಯುತ್ತದೆ ಅಂತ ಒಳಗಿದ್ದೇ ನೋಡಿದ ಮನುಷ್ಯ. ಅವನನ್ನು ಬಿಡದೆ ಓದಬೇಕು ಅನ್ನಿಸಿದ್ದೇ ಇದಕ್ಕೆ.

ಸೀಲಿಕಾದ ಶುರುವಿನಲ್ಲೆಲ್ಲ ಪ್ರೇಮ, ಮುನಿಸು, ಅನುಮಾನ. ಸೀಲಿಕಾ, ಮೈರಾ, ಸಿಂಥಿಯಾ ಅಂತ ಹೆಸರುಗಳು ಬರುತ್ತವೆ. 22ನೆಯ ಕವಿತೆಯಲ್ಲಿ ಪ್ರೇಮಿಗೆ ಭಾನುವಾರ ಚರ್ಚಿನ ಹತ್ತಿರ ಒಂದು ಹೂವಿನ ಹಾರ ಸಿಗುತ್ತದೆ, ತೋಳಿಗೆ ಕಟ್ಟಿಕೊಳ್ಳುವುದಕ್ಕೆ. ಅಷ್ಟು ಹಗುರವಾಗಿ ಬರೆಯಬಲ್ಲ ಕವಿ ಕೊನೆಕೊನೆಗೆ ಸಾವು, ಪಾಪ, ದೇವರು ಅಂತ ಬೇರೆಯದೇ ದಾರಿ ಹಿಡಿಯುತ್ತಾನೆ.

ನನ್ನನ್ನು ಜಾಸ್ತಿ ನಿಲ್ಲಿಸಿದ್ದು 100ನೆಯ ಕವಿತೆ. ರಾತ್ರಿ ಎಲ್ಲ ಬಣ್ಣವೂ ಕಪ್ಪಾಗಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ನೋಡುವ ಶಕ್ತಿ ಹಾಗೇ ಇದೆ. ಕಾವಲಿಗೆ ನಿಂತ ಕಣ್ಣು ಸುಮ್ನೆ ಒಳಗಿನವರಿಗೆ ಅಪಾಯದ ಸುದ್ದಿ ಮುಟ್ಟಿಸುತ್ತದೆ. ಭಯ ಎದ್ದು ಮನಸ್ಸನ್ನೆಲ್ಲ ಆಳತೊಡಗುತ್ತದೆ. ಈ ಭಯವನ್ನು ಗ್ರೆವಿಲ್ ಕರೆಯುವುದು ಬುದ್ಧಿವಂತ ದಬ್ಬಾಳಿಕೆ ಅಂತ! ಕೊನೆಗೆ ಏನೂ ಕಾಣದ ಕತ್ತಲಿನಿಂದಲೇ ದೆವ್ವಗಳ ವರ್ತಮಾನ ಬರುತ್ತದೆ. ಆ ದೆವ್ವಗಳೆಲ್ಲ ನಮ್ಮೊಳಗಿನ ಕೆಡುಕೇ. ಹದಿನಾಲ್ಕು ಸಾಲಿಗೂ ಸೇರಿ ಒಂದೇ ವಾಕ್ಯ. ಜೋರಾಗಿ ಓದುವಾಗ ಉಸಿರು ಬಿಡಲು ಜಾಗವೇ ಸಿಗುವುದಿಲ್ಲ. ಭಯ ಬೆಳೆಯುವುದೂ ಹಾಗೇ ಅಲ್ವಾ, ನಡುವೆ ಎಲ್ಲೂ ನಿಲ್ಲದೆ?

ಇದನ್ನು ತಲೆಯಲ್ಲಿಟ್ಟುಕೊಂಡು ‘ಮುಸ್ತಫಾ’ ತೆರೆದರೆ, ಅದೇ ಭಯ ಸಿಂಹಾಸನದ ಮೇಲೆ ಕೂತಿದೆ. ಆಟೋಮನ್ ಸುಲ್ತಾನ ಸುಲೇಮಾನ್ 1553ರಲ್ಲಿ ತನ್ನ ಮಗ ಮುಸ್ತಫಾನನ್ನು ಕೊಲ್ಲಿಸಿದ್ದು ನಿಜವಾಗಿ ನಡೆದ ಘಟನೆ. ನಾಟಕದಲ್ಲಿ ಸುಲ್ತಾನನ ಹೆಂಡತಿ ರೋಸಾ ಮುಸ್ತಫಾನ ವಿರುದ್ಧ ಅವನ ಕಿವಿ ಊದುತ್ತಾಳೆ. ಮಗನ ತಪ್ಪು ಏನೂ ಕಾಣುವುದಿಲ್ಲ. ಕಾಣದ್ದರಿಂದಲೇ ಅನುಮಾನ ಬೆಳೆಯುತ್ತದೆ. ಕತ್ತಲಲ್ಲಿ ಮಲಗಿದವನಿಗೆ ಆಗುವುದೇ ದೊರೆಗೂ ಆಗುತ್ತದೆ, ಆದರೆ ದೊರೆಯ ಕೈಯಲ್ಲಿ ಕೊಲ್ಲುವ ಅಧಿಕಾರವಿದೆ.

ಗ್ರೆವಿಲ್‌ಗೂ ಈ ಭಯದ ಪರಿಚಯ ಚೆನ್ನಾಗಿಯೇ ಇತ್ತು. ಆಂಟನಿ ಮತ್ತು ಕ್ಲಿಯೋಪಾತ್ರರ ಮೇಲೆ ಬರೆದಿದ್ದ ನಾಟಕವನ್ನು ಅವನೇ ಬೆಂಕಿಗೆ ಹಾಕಿದ. ಓದಿದವರು ಅದನ್ನು ಆಗಿನ ರಾಜಕೀಯಕ್ಕೆ ತಳುಕು ಹಾಕಬಹುದು ಅನ್ನುವ ಅಂಜಿಕೆ. ಆ ನಾಟಕ ನಮಗೆ ಸಿಗದೆ ಹೋಯಿತಲ್ಲ ಅಂತ ಬಹಳ ಸಂಕಟವಾಗುತ್ತದೆ.

ನಾಟಕದ ಕೊನೆಗೆ ಬರುವ ಪುರೋಹಿತರ ಮೇಳದ ಹಾಡನ್ನು ಮುಂಚೆಯೇ ಓದಿಬಿಟ್ಟೆ, ತಡೆಯಲಾಗಲಿಲ್ಲ. ಮನುಷ್ಯನನ್ನು ರೋಗಿಯಾಗಿ ಹುಟ್ಟಿಸಿ ಆರೋಗ್ಯವಾಗಿರು ಅಂತ ಅಪ್ಪಣೆ ಮಾಡಿದ್ದೇಕೆ ಅಂತ ಅವರು ಕೇಳುತ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ: ತಾನೇ ತಪ್ಪುಗಳನ್ನು ಹುಟ್ಟಿಸಿ ತಾನೇ ಕ್ಷಮಿಸುವುದು ಅಧಿಕಾರದ ದೊಡ್ಡತನವೇ? ಧರ್ಮ ಹೇಳಬೇಕಾದವರೇ ಹೀಗೆ ಕೇಳುವುದು ಎಂಥ ಧೈರ್ಯ! ಇದರ ಸಾರವನ್ನು ಇನ್ನೂ ಬರೆದಿಲ್ಲ. ಐದೂ ಅಂಕ ಮುಗಿಸಿಕೊಂಡೇ ಬರೆಯಬೇಕು. ಮುಂದಿನ ಸರದಿ ಅವನ ಇನ್ನೊಂದು ನಾಟಕ ‘ಅಲಾಹಂ’.