ಹಂದಿಯ ಕಿಡ್ನಿ ಹೇಳುವ ಲೆಕ್ಕ

ಮುಂಬೈ, 14 ಜುಲೈ 2024, ಭಾನುವಾರ

ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ ಹೋಗಿದ್ದೆ. ಅಲ್ಲಿ ಸಿಕ್ಕ ಹಿರಿಯರೊಬ್ಬರು ಬಿಪಿಗೆ ದಿನಾ ಮೂರು ಮಾತ್ರೆ ನುಂಗುತ್ತಾರೆ. ಕಿಡ್ನಿಯ ನರ ಸುಟ್ಟು ಬಿಪಿ ಇಳಿಸುವ ಚಿಕಿತ್ಸೆಯ ಬಗ್ಗೆ ಎಲ್ಲೋ ಓದಿದ್ದರಂತೆ. ನಾನು ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಅರಿವಳಿಕೆ ಕೊಡುವ ಪಶುವೈದ್ಯೆ ಅಂತ ಅವರಿಗೆ ಗೊತ್ತು. "ಹಂದಿಗೂ ಬಿಪಿ ಬರುತ್ತಾ? ಅದರ ಮೇಲೆ ಮಾಡಿ ಏನು ಗೊತ್ತಾಗುತ್ತೆ?" ಅಂತ ಕೇಳಿದರು.

ಒಳ್ಳೆ ಪ್ರಶ್ನೆ. ಆರೋಗ್ಯವಾಗಿರುವ ಹಂದಿಗೆ ಬಿಪಿ ಜಾಸ್ತಿ ಇರುವುದಿಲ್ಲ. ಹಾಗಾಗಿ ಅದು ಎಷ್ಟು ಇಳಿಯಿತು ಅನ್ನುವುದು ಅಲ್ಲಿ ಮುಖ್ಯವಲ್ಲ. ನರ ನಿಜವಾಗಿ ಸತ್ತಿತಾ, ರಕ್ತನಾಳ ಚೆನ್ನಾಗಿದೆಯಾ, ಇದೇ ಮುಖ್ಯ. ಹಂದಿಯ ಕಿಡ್ನಿಗೆ ಹೋಗುವ ರಕ್ತನಾಳ ಗಾತ್ರದಲ್ಲಿ ನಮ್ಮದಕ್ಕೆ ಹತ್ತಿರ. ಮನುಷ್ಯರಿಗೆ ಬಳಸುವ ಕ್ಯಾತಿಟರನ್ನೇ, ಅಂದರೆ ಸಣ್ಣ ಕೊಳವೆಯನ್ನೇ, ತೊಡೆಯ ನಾಳದಿಂದ ತೂರಿಸಬಹುದು. ನರಗಳು ಇರುವುದು ನಾಳದ ಹೊರಗಡೆ. ಒಳಗಿನಿಂದ ಕೊಟ್ಟ ಬಿಸಿ ಗೋಡೆ ದಾಟಿ ನರಕ್ಕೆ ತಾಗಬೇಕು, ಗೋಡೆಗೆ ಏನೂ ಆಗಬಾರದು. ಆಮೇಲೆ ಕಿಡ್ನಿಯ ತುಂಡಿನಲ್ಲಿ ನಾರ್‌ಅಡ್ರಿನಲಿನ್, ಅಂದರೆ ಈ ನರಗಳು ಬಿಡುವ ರಾಸಾಯನಿಕ, ಎಷ್ಟು ಉಳಿದಿದೆ ಅಂತ ಅಳೆಯುತ್ತಾರೆ. ನರ ಸತ್ತಿದ್ದರೆ ಅದು ಕುಸಿದಿರುತ್ತದೆ. ಈ ಲೆಕ್ಕ ಸಿಗಬೇಕಾದರೆ ಹಂದಿ ಸಾಯಲೇಬೇಕು. ಇದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಇಷ್ಟವಿಲ್ಲ.

2014ರಲ್ಲಿ ಈ ಚಿಕಿತ್ಸೆಯನ್ನು ಮನುಷ್ಯರಲ್ಲಿ ನೋಡಿದ ಸಿಂಪ್ಲಿಸಿಟಿ ಎಚ್‌ಟಿಎನ್-3 ಅನ್ನುವ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 535 ರೋಗಿಗಳು. ಕೆಲವರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಬರೀ ತೋರಿಕೆಯದು. ಆರು ತಿಂಗಳಲ್ಲಿ ಮೇಲಿನ ಬಿಪಿ ನಿಜವಾದ ಚಿಕಿತ್ಸೆಯ ಗುಂಪಿನಲ್ಲಿ ಸುಮಾರು 14, ತೋರಿಕೆಯದರಲ್ಲಿ ಸುಮಾರು 12 ಇಳಿಯಿತು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಎಷ್ಟೋ ಜನ ಈ ದಾರಿಯೇ ಮುಗಿಯಿತು ಅಂದುಕೊಂಡರು.

ಆದರೆ ನರ ಪೂರ್ತಿ ಸುಟ್ಟಿತ್ತಾ ಅನ್ನುವುದೇ ಅನುಮಾನವಾಗಿತ್ತು. ಬದುಕಿರುವ ರೋಗಿಯಲ್ಲಿ ಅದನ್ನು ಅಲ್ಲೇ ನೋಡಿ ಹೇಳುವ ಸುಲಭ ದಾರಿ ಇರಲಿಲ್ಲ. ಉತ್ತರ ಸಿಕ್ಕಿದ್ದು ಹಂದಿಗಳಲ್ಲಿ. ಮುಖ್ಯ ನಾಳದಲ್ಲಷ್ಟೇ ಸುಟ್ಟರೆ ಸಾಲದು, ಮುಂದಿನ ಕವಲುಗಳಲ್ಲೂ ಸುಟ್ಟರೆ ನಾರ್‌ಅಡ್ರಿನಲಿನ್ ಇನ್ನೂ ಚೆನ್ನಾಗಿ ಇಳಿಯುತ್ತದೆ ಅಂತ 2015ರಲ್ಲಿ ತೋರಿಸಿದರು. ಕವಲಿನ ಹತ್ತಿರ ನರಗಳು ನಾಳಕ್ಕೆ ಹೆಚ್ಚು ಅಂಟಿಕೊಂಡಿರುತ್ತವೆ, ಬಿಸಿ ಬೇಗ ತಲುಪುತ್ತದೆ. ಮುಂದಿನ ಪರೀಕ್ಷೆಗಳಲ್ಲಿ ಕವಲುಗಳನ್ನೂ ಸೇರಿಸಿದರು. 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಯ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು ರೇಡಿಯೋ ತರಂಗದ್ದು, ಇನ್ನೊಂದು ಅಲ್ಟ್ರಾಸೌಂಡಿನದು.

ನನ್ನನ್ನು ಬಿಡದೆ ಕಾಡುವುದು ಕುರಿಗಳ ವಿಷಯ. ಅದೂ 2015ರದೇ. ಇದೇ ಚಿಕಿತ್ಸೆ ಆದ ಹೊಸದರಲ್ಲಿ ಕುರಿಗಳ ಕಿಡ್ನಿಯ ನರಕ್ಕೆ ವಿದ್ಯುತ್ ಕೊಟ್ಟರೆ ಕಿಡ್ನಿ ಸುಮ್ಮನಿತ್ತು. 11 ತಿಂಗಳಾದ ಮೇಲೆ ನೋಡಿದರೆ ನರ ಮತ್ತೆ ಬೆಳೆದಿತ್ತು, ಕೆಲಸವನ್ನೂ ಶುರುಮಾಡಿತ್ತು. ಇತ್ತ ರೋಗಿಗಳಲ್ಲಿ ಮೂರು ವರ್ಷದ ನಂತರವೂ ಬಿಪಿ ಇಳಿದೇ ಇದೆ ಅಂತ 2022ರ ವರದಿ ಹೇಳುತ್ತದೆ. ಎರಡೂ ನಿಜ ಅಂದರೆ ನಡುವೆ ಏನೋ ನಡೆಯುತ್ತಿದೆ ಅಲ್ವಾ? ಪ್ರಾಣಿಯನ್ನು ಒಂದು ವರ್ಷ ಸಾಕುವುದು ದುಬಾರಿ, ಅದಕ್ಕೇ ಹೆಚ್ಚಿನವರು ಕೆಲವು ವಾರಕ್ಕೆ ನಿಲ್ಲಿಸುತ್ತಾರೆ. ಮೊದಲೇ ಗೊತ್ತಿರುವುದನ್ನು ಮತ್ತೆ ತೋರಿಸಲು ಹತ್ತು ಹಂದಿ ಕೊಲ್ಲುವ ಬದಲು ಅದೇ ದುಡ್ಡಲ್ಲಿ ನಾಲ್ಕನ್ನು ವರ್ಷಗಟ್ಟಲೆ ಸಾಕಿ ನೋಡಲಿ. ನಮ್ಮ ಮುಂದಿನ ಸಭೆಯಲ್ಲಿ ಇದನ್ನು ಬರೆದೇ ಕೊಡುತ್ತೇನೆ.