ಯಾವ ಮನೆ ಆಯ್ತು?

ಕುಶಾಲನಗರದಲ್ಲಿ ಸಿದ್ದಾಪುರದ ಪ್ರೈವೇಟ್ ಬಸ್ ಹತ್ತಿ, ಎರಡು ಸೂಟ್‌ಕೇಸನ್ನು ಡ್ರೈವರ್ ಹಿಂದೆ ತುರುಕಿ ಕೂತಿದ್ದೆ ಅಷ್ಟೇ. ಪಕ್ಕದ ಸೀಟಿನ ಹೆಂಗಸು ಕೇಳಿದರು, "ಯಾವ ಮನೆ ಆಯ್ತು?"

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಆಮೇಲೆ, ಓದು ಆಮೇಲೆ, ಮೊದಲು ಮನೆ. ಮನೆ ಹೆಸರು ಹೇಳಿದರೆ ಸಾಕು, ಅಜ್ಜ ಯಾರು, ಅತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ, ತೋಟದ ಬೇಲಿ ವಿಷಯಕ್ಕೆ ಜಗಳ ಆಗಿತ್ತಲ್ಲ ಅದೇ ಮನೆಯಾ, ಎಲ್ಲ ಎರಡು ನಿಮಿಷದಲ್ಲಿ ಹೊರಗೆ ಬರುತ್ತದೆ. ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಓ, ಜರ್ಮನಿಗೆ ಹೋದವಳು ನೀನೇನಾ?" ಅಂದರು. ಎರಡೂವರೆ ವರ್ಷದಲ್ಲಿ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದು ಎಷ್ಟು ಹಾಯಾಗಿತ್ತು ಅನ್ನುವುದೂ ಆಗಲೇ ನೆನಪಾಯಿತು.

ಮನೆಯವರು ಬೆಂಗಳೂರಿಗೇ ಜೀಪು ತರುತ್ತೇವೆ ಅಂದಿದ್ದರು. ಬೇಡ, ಒಬ್ಬಳೇ ಬರುತ್ತೇನೆ ಅಂತ ಹಟ ಹಿಡಿದಿದ್ದು ನಾನೇ. ಏರ್‌ಪೋರ್ಟಿನಿಂದ ಮೈಸೂರಿಗೆ ಫ್ಲೈಬಸ್, ಅದರಲ್ಲಿ ಪೂರ್ತಿ ನಿದ್ದೆ, ಹೇಳಲು ಏನೂ ಇಲ್ಲ. ಮೈಸೂರಿನಲ್ಲಿ ಮಡಿಕೇರಿಯ ಕೆಂಪು ಬಸ್ ಹತ್ತಿ ಇನ್ನೂರರ ನೋಟು ಹಿಡಿದರೆ ಕಂಡಕ್ಟರ್ ತೆಗೆದುಕೊಳ್ಳಲೇ ಇಲ್ಲ. "ಆಧಾರ್ ತೋರಿಸಿ ಮೇಡಂ." ನಾನು ಹೋಗಿದ್ದು 2022ರ ಸೆಪ್ಟೆಂಬರಿನಲ್ಲಿ, ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್‌ನಲ್ಲಿ. ಫೋನಿನಲ್ಲಿ ಅಮ್ಮ ಹೇಳಿದ್ದರು, ಆದರೆ ಕೈಗೆ ಸೊನ್ನೆ ರೂಪಾಯಿ ಟಿಕೆಟ್ ಬಂದಿದ್ದು ಅದೇ ಮೊದಲು. ತಮಾಷೆ ಅಂದರೆ ಅದೇ ವರ್ಷ ಮೇ ತಿಂಗಳಲ್ಲಿ ಜರ್ಮನಿಯಲ್ಲೂ 49 ಯೂರೋ ಕೊಟ್ಟರೆ ತಿಂಗಳಿಡೀ ದೇಶದ ಎಲ್ಲ ಲೋಕಲ್ ರೈಲು, ಬಸ್ ಹತ್ತಬಹುದಾದ ಟಿಕೆಟ್ ಬಂದಿತ್ತು. ಅಲ್ಲಿ ಅದನ್ನಿಟ್ಟುಕೊಂಡು ಸುಮ್ನೆ ಕೊನೆಯ ಸ್ಟೇಷನ್‌ವರೆಗೂ ಹೋಗಿ ವಾಪಸ್ ಬರುತ್ತಿದ್ದೆ. ಇಲ್ಲಿ ನನ್ನ ಹಿಂದಿನ ಸೀಟಿನ ಮೂವರು ಅಜ್ಜಿಯರು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಸಂಜೆಯೊಳಗೆ ಮನೆಗೆ ಬರುವ ಲೆಕ್ಕದಲ್ಲಿ ಹೊರಟಿದ್ದರು.

ನಾನು ಓದಿದ್ದು ಫ್ರೈಬುರ್ಗ್‌ನಲ್ಲಿ, ಕಾಡಿನ ವಿಷಯ. ಕೇಕಿನ ಹೆಸರಿನಿಂದ ನಮಗೆಲ್ಲ ಗೊತ್ತಿರುವ ಬ್ಲ್ಯಾಕ್ ಫಾರೆಸ್ಟ್ ಆ ಊರಿನ ಹಿತ್ತಲಲ್ಲೇ ಇದೆ. ಯೂನಿವರ್ಸಿಟಿ ಶುರುವಾಗಿದ್ದು 1457ರಲ್ಲಂತೆ, ಅಂದರೆ ನಮ್ಮಲ್ಲಿ ವಿಜಯನಗರದವರು ಆಳುತ್ತಿದ್ದಾಗ. ಮೊದಲ ಕ್ಲಾಸುಗಳಲ್ಲೇ 2018ರ ಮಾತು ಬಂತು. ಆ ವರ್ಷ ಅಲ್ಲಿ ಬರ. ಸ್ಪ್ರೂಸ್ ಮರಗಳಿಗೆ ನೀರಿಲ್ಲದೆ ಶಕ್ತಿ ಕುಂದಿ, ತೊಗಟೆ ಕೊರೆಯುವ ಹುಳ ಬಿದ್ದು, ಗುಡ್ಡಗುಡ್ಡಗಳೇ ಕಂದು ಬಣ್ಣಕ್ಕೆ ತಿರುಗಿದವು. ನನ್ನ ತಲೆಯಲ್ಲಿ ಓಡಿದ್ದು ಅದೇ 2018ರ ಆಗಸ್ಟ್. ಮಳೆ ಜಾಸ್ತಿಯಾಗಿ ಮಡಿಕೇರಿ ಸುತ್ತ ಗುಡ್ಡಗಳು ತೋಟದ ಸಮೇತ ಜಾರಿ ಬಂದಿದ್ದು, ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲಿ ನಮ್ಮ ಮನೆಗೆ ಬಂದು ತಿಂಗಳುಗಟ್ಟಲೆ ಇದ್ದಿದ್ದು. ಕ್ಲಾಸಿನಲ್ಲಿ ಕೈಯೆತ್ತಿ ಹೇಳಬೇಕು ಅನ್ನಿಸಿತ್ತು, ಹೇಳಲಿಲ್ಲ. ಭಾಷೆ ಬರುತ್ತಿತ್ತು, ಧೈರ್ಯ ಇರಲಿಲ್ಲ.

ಆ ಊರಿನ ಹಳೇ ಬೀದಿಗಳ ಅಂಚಿನಲ್ಲಿ ಸಣ್ಣ ಸಣ್ಣ ತೋಡುಗಳು ಹರಿಯುತ್ತವೆ. ಗೊತ್ತಿಲ್ಲದೆ ಅದಕ್ಕೆ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರೆ ಅಂತ ಅಲ್ಲಿ ಒಂದು ನಂಬಿಕೆ. ಬಾಯಿ ಸುಮ್ಮನಿರದೆ ಇದನ್ನು ಅಜ್ಜಿಗೆ ಹೇಳಿಬಿಟ್ಟೆ. ಅಲ್ಲಿಂದ ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳುವ ಮೊದಲೇ "ತೋಡಿಗೆ ಕಾಲಿಟ್ಟಿಲ್ಲ ಅಲ್ವಾ?" (ಇಟ್ಟಿದ್ದೆ, ಎರಡು ಸಲ, ಸೈಕಲ್ ಸಮೇತ. ಏನೂ ಆಗಲಿಲ್ಲ.)

ಭಾನುವಾರ ಅಲ್ಲಿ ಅಂಗಡಿಗಳಿಗೆ ಬಾಗಿಲು. ಮೊದಲ ಚಳಿಗಾಲದಲ್ಲಿ ಶನಿವಾರ ಸಂಜೆಯಿಂದ ಸೋಮವಾರ ಬೆಳಗ್ಗೆವರೆಗೆ ಯಾರೊಂದಿಗೂ ಒಂದು ಮಾತೂ ಆಡದೆ ಇದ್ದ ದಿನಗಳಿವೆ. ಅಳು ಬಂದಿತ್ತು, ನಿಜ. ಆದರೆ ಎರಡನೇ ಚಳಿಗಾಲದಲ್ಲಿ ಅದೇ ಮೌನಕ್ಕೆ ಕಾಯುತ್ತಿದ್ದೆ. ರಾತ್ರಿ ಹತ್ತಕ್ಕೆ ಒಬ್ಬಳೇ ಕಾಡಿನ ದಾರಿಯಲ್ಲಿ ನಡೆದು ಬರುತ್ತಿದ್ದೆ. ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ಕೇಳುವವರು ಇಲ್ಲ. ಇದನ್ನು ಊರಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಅಯ್ಯೋ ಪಾಪ ಅನ್ನುತ್ತಾರೆ.

2024ರ ಫೆಬ್ರವರಿಯಲ್ಲಿ ಒಬ್ಬಳೇ ಇಟಲಿಯ ಟ್ರಿಯೆಸ್ಟೆಗೆ ಹೋದೆ. ಎಲ್ಲರೂ ವೆನಿಸ್‌ಗೆ ಹೋಗುತ್ತಾರೆ, ನಾನು ಅದನ್ನು ದಾಟಿ ಮುಂದೆ ಹೋಗಿದ್ದು ಕಾಫಿಗಾಗಿ. 1719ರಲ್ಲಿ ಆಸ್ಟ್ರಿಯಾದ ದೊರೆ ಸುಂಕ ಇಲ್ಲದ ಬಂದರು ಮಾಡಿದ ಊರು ಅದು, ಆ ಕಡೆಯ ಕಾಫಿ ಚೀಲಗಳೆಲ್ಲ ಅಲ್ಲೇ ಇಳಿಯುತ್ತಿದ್ದವು. ಈಗಲೂ ಅಲ್ಲಿಯವರದ್ದು ಬೇರೆಯೇ ಕಾಫಿ ಭಾಷೆ. ಎಸ್ಪ್ರೆಸ್ಸೋಗೆ 'ನೇರೋ' ಅನ್ನಬೇಕು, ಸ್ವಲ್ಪ ಹಾಲು ಹಾಕಿದ್ದು 'ಕಾಪೋ', ಅದನ್ನೇ ಗಾಜಿನ ಲೋಟದಲ್ಲಿ ಬೇಕಾದರೆ 'ಕಾಪೋ ಇನ್ ಬಿ'. ಬೋರಾ ಅಂತ ಒಂದು ಗಾಳಿ ಇದೆ, ಅವತ್ತು ಅದು ನನ್ನನ್ನು ತಳ್ಳಿಕೊಂಡೇ ಹೋಗಿ ಒಂದು ಸಣ್ಣ ಅಂಗಡಿಯೊಳಗೆ ಹಾಕಿತು. ಗಾಜಿನ ಡಬ್ಬಿಗಳಲ್ಲಿ ಬೀಜಗಳು, ಒಂದರ ಮೇಲೆ ಇಂಡಿಯಾ, ರೋಬಸ್ಟಾ ಅಂತ ಚೀಟಿ. ನಮ್ಮ ತೋಟದ ಕಾಫಿ ಜಾತಿಯೂ ಅದೇ.

ಭಾರತದ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶ ಇಟಲಿ. ಎಸ್ಪ್ರೆಸ್ಸೋ ಮೇಲೆ ದಪ್ಪ ನೊರೆ ನಿಲ್ಲಬೇಕಾದರೆ ರೋಬಸ್ಟಾ ಬೇಕು. ಇದೆಲ್ಲ ಗೊತ್ತಿದ್ದ ವಿಷಯವೇ. ಗೊತ್ತಿದ್ದರೂ ಕೈ ನಡುಗಿತು. ನಮ್ಮ ಮನೆಯಲ್ಲಿ ಒಳ್ಳೇ ಬೀಜ ಯಾವತ್ತೂ ಮಾರಾಟಕ್ಕೆ, ಮನೆ ಕಾಫಿಗೆ ಕಣ ಗುಡಿಸಿದ್ದು. ನಮ್ಮ ಒಳ್ಳೇ ಕಾಫಿಯ ರುಚಿ ನೋಡಲು ನಾನು ಅಲ್ಲಿಗೆ ಹೋಗಬೇಕಾಯಿತು ಅನ್ನಿ. ಅಂಗಡಿಯವನಿಗೆ ಡಬ್ಬಿ ತೋರಿಸಿ, ಇದು ನಮ್ಮ ಕಡೆಯದು, ನಮ್ಮ ಅಪ್ಪನೂ ಇದನ್ನೇ ಬೆಳೆಯುವುದು ಅಂದೆ. ಅವನು ನಕ್ಕ, ಚಿಲ್ಲರೆ ಕೊಟ್ಟ, ಮುಂದಿನವರ ಕಡೆ ತಿರುಗಿದ. ತಪ್ಪೇನಿಲ್ಲ, ಸಾಲು ಉದ್ದ ಇತ್ತು. ಆದರೆ ಅವತ್ತು ಮಾತ್ರ, ಅಷ್ಟು ದಿನದಲ್ಲಿ ಮೊದಲ ಸಲ, ಯಾವ ಮನೆ ಅಂತ ಯಾರಾದರೂ ಕೇಳಬೇಕಿತ್ತು ಅನ್ನಿಸಿತು.

ದುಬಾರೆ ತಿರುವಿನಲ್ಲಿ ಟೂರಿಸ್ಟ್ ಹುಡುಗರು ಇಳಿದು ಬಸ್ ಖಾಲಿಯಾದ ಮೇಲೆ ಕಿಟಕಿಯಿಂದ ವಾಸನೆ ಬಂತು. ಮಾರ್ಚ್ ಕೊನೆ. ಸ್ಪ್ರಿಂಕ್ಲರ್ ಹಾಕಿದವರ ತೋಟದಲ್ಲಿ ಹೂ ಆಗಲೇ ಕಂದಿತ್ತು. ಹೂಮಳೆ ನಂಬಿ ಕೂತವರದ್ದು ಈಗ ಬಿಟ್ಟಿತ್ತು, ಗಿಡದ ರೆಂಬೆರೆಂಬೆಯೂ ಬೆಳ್ಳಗೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಮೊಗ್ಗೆಲ್ಲ ಒಟ್ಟಿಗೆ ಬಿರಿಯುತ್ತದೆ, ಎರಡು ಮೂರು ದಿನ ಇರುತ್ತದೆ, ಮುಗಿಯಿತು. ನಮ್ಮದು ಮಳೆ ನಂಬಿದ ತೋಟ. ಫೋನಿನಲ್ಲಿ ವಿಡಿಯೋ ಕಳಿಸುತ್ತಿದ್ದರು ಪ್ರತಿ ವರ್ಷ, ವಾಸನೆ ಬರಬೇಕಲ್ಲ.

ನೆಲ್ಲಿಹುದಿಕೇರಿಗೆ ಸ್ವಲ್ಪ ಮೊದಲೇ ನನ್ನ ಸ್ಟಾಪ್. ಅಪ್ಪ ಜೀಪಿನ ಹತ್ತಿರ ನಿಂತಿದ್ದರು. "ದಾರಿಯಲ್ಲಿ ತೊಂದರೆ ಆಗಲಿಲ್ಲ ಅಲ್ವಾ?" ಅಂದರು, ಅಷ್ಟೇ. ಸೂಟ್‌ಕೇಸ್ ಎತ್ತಿಡುತ್ತಾ, ಇನ್ನು ಹದಿನೈದಿಪ್ಪತ್ತು ದಿನದಲ್ಲಿ ಇನ್ನೊಂದು ಮಳೆ ಬರದಿದ್ದರೆ ಹೂವೆಲ್ಲ ಕಾಯಿ ಕಟ್ಟದೆ ಹೋಗುತ್ತದೆ ಅಂತ ಶುರು ಮಾಡಿದರು. ಅಜ್ಜಿ ಬೆಲ್ಲದ ಕಾಫಿ ಕೊಟ್ಟು ಮೊದಲು ಕಾಲು ನೋಡಿದರು. ತೋಡಿನ ವಿಷಯ ಮರೆತಿರಲಿಲ್ಲ.

ಸಂಜೆ ಆರಕ್ಕೆ ಚಪ್ಪಲಿ ಹಾಕಿಕೊಂಡು ತೋಟದ ಕಡೆ ಹೊರಟೆ. ಅಮ್ಮ ಅಡುಗೆಮನೆಯಿಂದಲೇ, "ಒಬ್ಳೇ ಎಲ್ಲಿಗೆ?" ಕೇಳಿದರು. ನನಗೆ ರೇಗಿತು. ನೋಡಿ, ಬಂದು ನಾಲ್ಕು ಗಂಟೆ ಆಗಿಲ್ಲ, ಶುರು. ಅಮ್ಮ ಏನೂ ಹೇಳದೆ ಫೋನ್ ತಂದು ಕೈಗೆ ಕೊಟ್ಟರು. ಊರಿನ ವಾಟ್ಸ್‌ಆಪ್ ಗುಂಪಿನಲ್ಲಿ ಅರ್ಧ ಗಂಟೆ ಹಿಂದಿನ ಮೆಸೇಜ್: ಕೆರೆ ಹತ್ತಿರ ಐದು ಆನೆ, ಒಂದು ಮರಿ ಇದೆ, ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಕಡೆಯವರು ಹೊರಗೆ ಬರಬೇಡಿ. ಚಪ್ಪಲಿ ಬಿಟ್ಟೆ. ಇಲ್ಲಿ ಒಬ್ಬಳೇ ಅನ್ನುವ ಮಾತಿನಲ್ಲಿ ಆನೆ ಎಷ್ಟು, ಊರಿನವರ ಬಾಯಿ ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ. ಜಗಲಿಯಲ್ಲೇ ಕೂತೆ. ಕತ್ತಲಾದ ಮೇಲೆ ಹೂವಿನ ವಾಸನೆ ಇನ್ನೂ ಜಾಸ್ತಿಯಾಯಿತು, ದೂರದಲ್ಲಿ ಯಾರೋ ಪಟಾಕಿ ಹೊಡೆದರು.

ನಾಲ್ಕನೇ ದಿನ ಮಡಿಕೇರಿಗೆ ಹೊರಟೆ. ಹಳೇ ಸಿಮ್ ಸತ್ತುಹೋಗಿತ್ತು, ಹೊಸದು ಮಾಡಿಸಬೇಕಿತ್ತು. ಒಬ್ಬಳೇ ಹೋಗುತ್ತೇನೆ ಅಂದಾಗ ಅಮ್ಮ ಆಯ್ತು ಅಂದರು. ಇಷ್ಟು ಬೇಗ ಒಪ್ಪಿದ್ದಕ್ಕೇ ಅನುಮಾನ ಬರಬೇಕಿತ್ತು. ಪ್ರೈವೇಟ್ ಬಸ್ ಚೆಟ್ಟಳ್ಳಿ ದಾಟುವವರೆಗೂ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲಿ ತಿರುಗಿ ನನ್ನ ಸೀಟು ನೋಡುತ್ತಿದ್ದ. ರಾತ್ರಿ ಎರಡು ಗಂಟೆಗೆ ಗೊತ್ತಿಲ್ಲದ ಸ್ಟೇಷನ್‌ಗಳಲ್ಲಿ ರೈಲು ಬದಲಿಸಿದವಳು ನಾನು. ಮಡಿಕೇರಿ ಬಸ್ ಸ್ಟ್ಯಾಂಡಲ್ಲಿ ಇಳಿದು ಚಿಲ್ಲರೆಗೆ ಕೈ ಚಾಚಿದೆ. ಅವನು ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತಾ ಇನ್ನೊಂದು ಕೈಯಲ್ಲಿ ಫೋನ್ ಕಿವಿಗಿಟ್ಟು ಹೇಳುತ್ತಿದ್ದ.

"ಅಕ್ಕಾ, ಇಳಿದ್ರು. ಹ್ಞೂಂ, ಕೊಡೆ ತಂದಿದ್ದಾರೆ."