ವಿಂಡ್ಸರ್ ಮಾಡಿನ ಮಾದರಿ: ತೊಲೆಗಳು ಕೂತವು

ನಾನು ಮರದಲ್ಲಿ ಮಾಡುತ್ತಿರುವ ಪುಟ್ಟ ಮಾದರಿಯ ಮಾಡು, ಅಂದರೆ ಚಾವಣಿ, ಎರಡು ಅಂಕಣದ್ದು, ಈಗ ಅಂಟಿಲ್ಲದೆ ತಾನಾಗಿಯೇ ನಿಂತಿದೆ. ಇದರ ಮೂಲ ಇರುವುದು ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ಸೇಂಟ್ ಜಾರ್ಜ್ ಹಾಲ್‌ನಲ್ಲಿ, ಅದು ಸುಮಾರು 55 ಮೀಟರ್ ಉದ್ದ. ಅಷ್ಟನ್ನೂ ಮಾಡಲು ಮನೆಯಲ್ಲಿ ಜಾಗ ಇಲ್ಲ, ಹಾಗಾಗಿ ಎರಡೇ ಅಂಕಣ.

ಇದನ್ನೇ ಯಾಕೆ ಆರಿಸಿಕೊಂಡೆ ಅಂತ ಕೆಲವರು ಕೇಳಿದ್ದರು. ಇದು ಟಿಕೆಟ್ ದುಡ್ಡಿನಲ್ಲಿ ಎದ್ದ ಮಾಡು, ಅದಕ್ಕೆ. 1992ರ ನವೆಂಬರ್ 20ರಂದು ಕೋಟೆಗೆ ಬೆಂಕಿ ಬಿತ್ತು. ದೀಪದ ಕಾವಿಗೆ ಪರದೆ ಹೊತ್ತಿಕೊಂಡು, ನೂರಕ್ಕೂ ಹೆಚ್ಚು ಕೋಣೆಗಳು ಹಾಳಾದವು. ದುರಸ್ತಿ ಖರ್ಚು ಸರ್ಕಾರದ್ದು ಅಂದಾಗ ಜನ ಸಿಟ್ಟಾದರು. ಆಗ ರಾಣಿ ಎಲಿಜಬೆತ್ 1993ರ ಬೇಸಿಗೆಯಲ್ಲಿ ಲಂಡನ್‌ನ ಬಕಿಂಗ್‌ಹ್ಯಾಮ್ ಅರಮನೆಯನ್ನು ಜನರಿಗೆ ತೆರೆಸಿದರು. ಟಿಕೆಟ್ 8 ಪೌಂಡ್. ದುರಸ್ತಿಗೆ ಆದದ್ದು ಸುಮಾರು 3.65 ಕೋಟಿ ಪೌಂಡ್, ಅದರಲ್ಲಿ ನೂರಕ್ಕೆ 70ರಷ್ಟು ನೋಡಲು ಬಂದವರ ಜೇಬಿನಿಂದಲೇ ಬಂತು. ಲಂಡನ್ನಿನಲ್ಲಿ ಸಿಂಹಾಸನದ ಕೋಣೆ ನೋಡಿದವರ ದುಡ್ಡು ವಿಂಡ್ಸರಿನಲ್ಲಿ ತೊಲೆಯಾಯಿತು. 1997ರಲ್ಲಿ ಕೆಲಸ ಮುಗಿಯಿತು.

ಸುಡುವ ಮೊದಲು ಸೇಂಟ್ ಜಾರ್ಜ್ ಹಾಲ್‌ನಲ್ಲಿ ಇದ್ದದ್ದು ಮರದಂತೆ ಕಾಣಲು ಬಣ್ಣ ಬಳಿದ ಗಾರೆ ಚಾವಣಿ. ಹೊಸದು ನಿಜವಾದ ಓಕ್, ಅದೂ ಒಣಗಿಸದ ಹಸಿ ಮರ. ಒಂದು ತೊಲೆಯ ನಾಲಿಗೆ ಇನ್ನೊಂದರ ತೂತಿನಲ್ಲಿ ಕೂರುತ್ತದೆ, ಅದಕ್ಕೆ ಅಡ್ಡಲಾಗಿ ಮರದ ಗೂಟ. ಮರ ಒಣಗಿ ಕುಗ್ಗಿದ ಹಾಗೆಲ್ಲ ಕೂಡು ಬಿಗಿಯಾಗುತ್ತದೆ. ನನ್ನದು ಒಣ ತೇಗ, ಕುಗ್ಗುವುದಿಲ್ಲ. ಹಾಗಾಗಿ ನಾಲಿಗೆಯಲ್ಲಿ ಗೂಟ ಹೋಗುವ ತೂತನ್ನು ಕೂದಲೆಳೆಯಷ್ಟು ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆದೆ. ಬಿದಿರಿನ ಗೂಟ ಹೊಡೆದರೆ ಸಾಕು, ತೊಲೆ ಎಳೆದುಕೊಂಡು ಬಂದು ಕೂರುತ್ತದೆ. ಆ ಟಕ್ ಅನ್ನುವ ಸದ್ದು ಎಷ್ಟು ಖುಷಿ ಕೊಡುತ್ತದೆ ಗೊತ್ತಾ!

ನಮ್ಮ ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟಾಗ ಹೊಸದಕ್ಕೆ ಕಲ್ಲು, ಕಬ್ಬಿಣ ಬಳಸಿದರು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಬೆಂಕಿ ಕಂಡವರು ಹಾಗೆ ಮಾಡುವುದು ಸಹಜ ಅಲ್ವಾ? ವಿಂಡ್ಸರಿನವರು ಮತ್ತೆ ಮರವನ್ನೇ ನಂಬಿದ್ದು ದೊಡ್ಡ ಧೈರ್ಯ. ಬಡಗಿಗಳಿಗೆ ಹಳೆಯ ವಿದ್ಯೆ ತೋರಿಸಲು ಅಷ್ಟು ದೊಡ್ಡ ಕೆಲಸ ಸಿಕ್ಕಿತು. ನನ್ನ ಪ್ರಕಾರ ಟಿಕೆಟ್ ದುಡ್ಡಿಗೆ ಇದಕ್ಕಿಂತ ಒಳ್ಳೆ ಖರ್ಚಿಲ್ಲ.

ಮುಂದೆ ಗುರಾಣಿಗಳು. ಮಾಡಿನ ತುಂಬ ಗಾರ್ಟರ್ ಅನ್ನುವ ಇಂಗ್ಲೆಂಡಿನ ಹಳೆಯ ರಾಜಗೌರವ ಪಡೆದ ಸರದಾರರ ಲಾಂಛನದ ಗುರಾಣಿಗಳಿವೆ, ಪದವಿ ಕಳೆದುಕೊಂಡವರದು ಮಾತ್ರ ಬರೀ ಬಿಳಿ. ತೇಗದಲ್ಲಿ ಎಣ್ಣೆ ಜಾಸ್ತಿ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ತೆಳ್ಳಗೆ ಸೀಳಿ ಸಿಕ್ಕರೆ ಗುರಾಣಿಗೆ ಅದೇ.